ಕೇಳಿದವರಿಗೆಲ್ಲ ಕೊಟ್ಟ ವಿಳಾಸ

ಅಕ್ಕೋರ ಬಲಗೈಯಲ್ಲಿ ಕೊನೆಯ ಎರಡು ಬೆರಳಿರಲಿಲ್ಲ. ಕಡಿದವನು ನನ್ನ ಅಳಿಯ.

ಅಕ್ಕೋರು ಮಿರಜದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅವರು ಕೀಲಿ ಒತ್ತಿದರೆ ಮೆಣಸಿನಕಾಯಿ ಕುಟ್ಟಿದ ಸದ್ದು. ತಪ್ಪಾದರೆ ತಮ್ಮ ತಲೆಗೆ ತಾವೇ ಬಡಿದುಕೊಳ್ಳುವರು. ನನ್ನ ಮಗಳು ಗಂಡನ ಏಟಿಗೆ ಮುಂದಿನ ಹಲ್ಲು ಮುರಿದುಕೊಂಡು, ಕವಲಾಪುರದಿಂದ ಓಡಿಬಂದು, ಅಳಿಯನಿಗೆ ಗೊತ್ತಿಲ್ಲದ ನನ್ನ ಹೊಸ ಬಾಡಿಗೆ ಖೋಲಿಯಲ್ಲಿ ಅಡಗಿದ್ದಳು. ಅವಳೂ ಓಣಿಯ ಹೆಂಗಸರೂ ಹೊಲಿದ ಕೌದಿ ಮಾರಲು ಅಕ್ಕೋರು ವೆಬ್‌ಸೈಟ್ ಮಾಡಿಕೊಟ್ಟರು.

ಸಾಂಗ್ಲಿಯ ಒಂದು ಅಂಗಡಿಯ ಆಪ್‌ನಲ್ಲೂ ಕೌದಿ ಕಾಣಲೆಂದು ಅದಕ್ಕೆ ಗ್ರಾಫ್‌ಕ್ಯೂಎಲ್ ಅನ್ನುವುದೊಂದನ್ನು ಜೋಡಿಸಿದರು. ಹೊರಗಿನವರಿಗೆ ಯಾವ್ಯಾವ ಮಾಹಿತಿ ಕೊಡಬೇಕು ಅಂತ ಸೆಟ್ಟಿಂಗಿನಲ್ಲಿ ಗುರುತು ಹಾಕಬೇಕು. ನಾನು ಪಕ್ಕದಲ್ಲೇ ಕೂತಿದ್ದೆ.

"ಇದು ಕೇಳಿದಷ್ಟ ಕೊಡತೈತಿ ಆಯಿ. ಆದ್ರ ಕೇಳಿದವ್ರಿಗೆಲ್ಲಾ ಕೊಡತೈತಿ," ಅಂದರು. "ಕೌದಿ ಹೊಲಿದವ್ರ ವಿಷಯಾ ಬಂದ್ ಇಡ್ತೀನಿ."

"ಹೆಸರ ಹಾಕ್ರಿ ಅಕ್ಕೋರ. ಹೆಸರಿಲ್ಲದ ಕೌದಿ ಹೆಣಕ್ಕ ಹೊಚ್ಚತಾರ," ಅಂದೆ. ನಮ್ಮ ಮನೆತನದಲ್ಲಿ ಹಾಗೇ.

"ಬ್ಯಾಡ ಆಯಿ."

"ಹಾಕ್ರಿ ಅಂದೆ!"

"ಭಾಳ ಹಟಮಾರಿ ಮುದುಕಿ ನೀವು," ಅಂತ ನಕ್ಕು ಹಾಕಿದರು. ಪಾರ್ಸಲ್‌ಗೆಂದು ಹೆಸರಿನ ಕೆಳಗೆ ಬರೆದಿಟ್ಟ ವಿಳಾಸವೂ ಅದೇ ಗುರುತಿಗೆ ತೆರೆದುಕೊಂಡಿತು. ಅವರು ನೋಡಲಿಲ್ಲ.

ಹದಿನೈದು ದಿನಕ್ಕೆ ಅಳಿಯ ಕಬ್ಬು ಕಡಿಯುವ ಕೊಯ್ತಾ ಹಿಡಿದು ಬಂದ. ಅಕ್ಕೋರು ಹೊಸ ಕೌದಿಯ ಫೋಟೊ ತೆಗೆಯಲು ಬಂದಿದ್ದರು. "ಆಪ್‌ನಾಗ ನಿನ್ನ ಖೋಲಿ ನಂಬರ ಸುದ್ದಾ ಐತಲ್ಲಾ, ರಂಡೆ!" ಅಂತ ಮಗಳ ಕುತ್ತಿಗೆಗೆ ಬೀಸಿದ. ಅಕ್ಕೋರು ಕೈ ಅಡ್ಡ ಕೊಟ್ಟರು. ಬೆರಳು ಹೊಸ್ತಿಲಾಚೆ ಬಿದ್ದವು. ನಾನು ರುಬ್ಬುವ ಗುಂಡು ಎತ್ತಿ ಅವನ ದವಡೆಗೆ ಹಾಕಿದೆ. ಬಿದ್ದ ಮೇಲೆ ಮೊಣಕಾಲಿಗೂ ಹಾಕಿದೆ. ಎಲುಬು ಮುರಿದದ್ದು ಕೇಳಿಸಿತು. ಅದಕ್ಕೇನೂ ನನಗೆ ಬೇಸರವಿಲ್ಲ.

ರಿಕ್ಷಾ ಬಂತು. ಅಕ್ಕೋರು ಹತ್ತಲಿಲ್ಲ.

"ಮೊದಲ ನನ್ನ ಚೀಲದಾಗಿನ ಕಂಪ್ಯೂಟರ ತಗೀರಿ! ಉಳದವ್ರ ಪತ್ತಾನೂ ತೆರದೈತಿ!"

ರಕ್ತ ಸುರಿಯುವ ಕೈಯನ್ನು ನಾನು ಸೆರಗಿನಲ್ಲಿ ಬಿಗಿದು ಹಿಡಿದೆ. ಅಕ್ಕೋರು ಎಡಗೈಯಲ್ಲಿ ತಡಕಾಡಿ ಗುರುತು ತೆಗೆದರು. ಎರಡು ಸಲ ನೋಡಿದರು. ಆಮೇಲೆ ದವಾಖಾನೆ. ಬೆರಳು ಕೂಡಲಿಲ್ಲ.

ವಿಳಾಸ ಹೊರಗೆ ಹೋದದ್ದು ಹೇಗೆ ಅಂತ ಪೊಲೀಸರು ಕೇಳಿದರು.

"ತಪ್ಪ ನಂದ ಸಾಹೇಬ್ರ," ಅಂದರು ಅಕ್ಕೋರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹೋದ ವರ್ಷ ಅಕ್ಕೋರು ಕಾಮಾಲೆಯಾಗಿ ಸತ್ತರು. ಅವರಿಂದಲೇ ಗಂಡ ಮನೆ ಹುಡುಕಿಕೊಂಡು ಬಂದ ಅಂತ ಮಗಳು ಇವತ್ತಿಗೂ ತಿಳಿದಿದ್ದಾಳೆ, ಮಣ್ಣಿಗೂ ಹೋಗಲಿಲ್ಲ. ಇದನ್ನು ಓದಿಯಾದರೂ ಅವಳಿಗೆ ಗೊತ್ತಾಗಲಿ. ಬೇಡ ಅಂದವರ ಕೈಯಿಂದ ಆ ಗುರುತು ಹಾಕಿಸಿದವಳು ನಾನು.