ಬೂಷ್ಟೆಂದು ಒರೆಸಿದ ಬಿಳಿ

ಆ ಚಿತ್ರದಲ್ಲಿ ಏನೂ ಇರಲಿಲ್ಲ. ದೇವರಿಲ್ಲ, ಮನುಷ್ಯರಿಲ್ಲ, ಒಂದು ಮರವೂ ಇಲ್ಲ. ಕಪ್ಪು, ಕೆಂಪು ಎಣ್ಣೆಬಣ್ಣವನ್ನು ಗಾರೆಯವರ ಕರಣೆಯಲ್ಲಿ ಮೆತ್ತಿದ ಹಾಗೆ. ನಡುನಡುವೆ ಬಿಳಿ ಮಚ್ಚೆಗಳು. ಅಮೆರಿಕದಿಂದ ಪೆಟ್ಟಿಗೆಯಲ್ಲಿ ಬಂದ ಅದನ್ನು ಎಸ್ಟೇಟಿನ ದೊರೆಸಾನಿ ತಮ್ಮ ಬಂಗಲೆಯ ಹಜಾರದಲ್ಲಿ ತೂಗುಹಾಕಿಸಿ, ಎದುರಿಗೆ ಕುರ್ಚಿ ಎಳೆದು ಕೂತರು. ನನ್ನ ತಂಗಿ ಗೌರಿ ಕಿವಿಯಲ್ಲಿ, "ಅಕ್ಕ, ತಲೆಕೆಳಗೆ ಹಾಕವ್ರೇನೋ, ಕೇಳು" ಎಂದಳು.

ಹಾಸನದ ಕಡೆಯಿಂದ ಪೊನ್ನಂಪೇಟೆ ಹತ್ತಿರದ ಈ ಎಸ್ಟೇಟಿಗೆ ನಾನು ಮೊದಲು ಬಂದೆ. ಬಂಗಲೆಯಲ್ಲಿ ಕೆಲಸ ಸಿಕ್ಕ ಮೇಲೆ ಅವಳನ್ನೂ ಕರೆಸಿಕೊಂಡೆ. ಆಳುಗಳ ಸಾಲುಮನೆಗೆ ಇಲ್ಲಿ ಲೈನು ಎನ್ನುತ್ತಾರೆ. ಅದರಲ್ಲಿ ಒಂದು ಕೋಣೆ ನಮ್ಮದು. ಅಕ್ಕಪಕ್ಕ ಮಲಯಾಳ, ತುಳು. ನಾವು ಮುದ್ದೆ ತಿರುವಿದರೆ ನಗುತ್ತಿದ್ದರು. ಊರಲ್ಲಿ ಮಳೆಗೆ ಕಾಯುತ್ತಿದ್ದೆವು. ಇಲ್ಲಿ ಮಳೆ ಹಿಡಿಯಿತೆಂದರೆ ಚಪ್ಪಲಿ, ಪುಸ್ತಕ, ಪಟಗಳ ಮೇಲೆಲ್ಲ ಬಿಳಿ ಬೂಷ್ಟು. ಅದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು ನಾನು ಇಲ್ಲಿ ಕಲಿತ ಮೊದಲ ವಿದ್ಯೆ, ನನ್ನ ಹೆಮ್ಮೆ ಕೂಡ.

ಆ ಆಷಾಢದಲ್ಲಿ ಚಿತ್ರದ ಬಿಳಿ ಹೆಚ್ಚಾದಂತೆ ಕಂಡಿತು. ಒರೆಸಿದೆ. ಬೂಷ್ಟಿನ ಜೊತೆ ಬಣ್ಣವೂ ಬಟ್ಟೆಗೆ ಬಂತು.

ಹಜಾರ ಗುಡಿಸಿ ಒರೆಸುವ ಪಾಳಿ ಮಾತ್ರ ಗೌರಿಯದು.

"ಯಾರು ಮುಟ್ಟಿದ್ದು?" ದೊರೆಸಾನಿ ಕೇಳಿದರು.

ಗೌರಿ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಇಬ್ಬರಲ್ಲಿ ಒಬ್ಬಳು ಉಳಿಯುವುದಾದರೆ ಅದು ನಾನೇ ಆಗಲಿ ಅನ್ನಿಸಿತ್ತು. ಬಟ್ಟೆ ನನ್ನ ಸೆರಗಿನೊಳಗಿತ್ತು.

"ನಾನೇ, ಅಮ್ಮೋರೆ" ಎಂದಳು ಅವಳು.

ಮಾರನೆಯ ದಿನ ಅವಳನ್ನು ಊರಿನ ಬಸ್ಸು ಹತ್ತಿಸುವಾಗ, "ನಾಕ್ ದಿನ ಬಿಟ್ಟು ನಿಜ ಹೇಳ್ತೀನಿ ಕಣೇ, ಕರೆಸ್ಕೋತೀನಿ" ಎಂದೆ.

"ನೀನಾ?" ಎಂದಳು.

ಮೂರು ಮಳೆಗಾಲ ಕಳೆದಿವೆ. ಹೇಳಿಲ್ಲ. ದೊರೆಸಾನಿ ಈಗ ಆ ಚಿತ್ರದ ಕಡೆ ತಿರುಗುವುದೂ ಇಲ್ಲ. ನೋಡುವವಳು ನಾನೊಬ್ಬಳೇ. ಎಲ್ಲೆಲ್ಲಿ ಬಿಳಿ ಇತ್ತೆಂದು ಕಣ್ಣು ಮುಚ್ಚಿಕೊಂಡೇ ತೋರಿಸಬಲ್ಲೆ.

ಕೊಡಗು ಬೇರೆ ರಾಜ್ಯ, ಇಲ್ಲಿಯವರಿಗೆ ನಾನು ಮೈಸೂರು ರಾಜ್ಯದವಳು. ಹಬ್ಬಕ್ಕೆ ಊರಿಗೆ ಹೋದರೆ, ಕೊಡಗಿನವಳು ಬಂದಳು ಎನ್ನುತ್ತಾರೆ. ಗೌರಿ ಮುದ್ದೆ ಬಡಿಸುವ ಮುಂಚೆ, "ಕೈ ತೊಳ್ಕೊಂಡ್ಯಾ ಅಕ್ಕ? ಸೀಮೆಎಣ್ಣೆ ವಾಸ್ನೆ ಹೊಡೀತದೆ" ಎನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ. ನಾನು ಎದ್ದು ಹೋಗಿ ಇನ್ನೊಮ್ಮೆ ತೊಳೆಯುತ್ತೇನೆ. ರಜೆ ಮುಗಿಯುವ ಮುಂಚೆಯೇ ಬಸ್ಸು ಹತ್ತುತ್ತೇನೆ.

ಹಜಾರದಲ್ಲಿ ಆ ಕುರ್ಚಿ ಈಗಲೂ ಚಿತ್ರದ ಎದುರಿಗೇ ಇದೆ. ನಾನು ನಿಂತೇ ನೋಡುತ್ತೇನೆ.