ಎಣಿಸದ ಮಂದೆ

ಕಾಳಕ್ಕ ಕುರಿ ಎಣಿಸಿದವಳಲ್ಲ. ಶೆಟ್ಟಿಕೆರೆ ಆಚೆಯ ಹಟ್ಟಿಗೆ ಸೊಸೆಯಾಗಿ ಬಂದಂದಿನಿಂದ ಸಂಜೆ ಮಂದೆ ರೊಪ್ಪಕ್ಕೆ ನುಗ್ಗುವಾಗ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದಳು, ಅಷ್ಟೆ. "ಕಿವಿಹರಕಿ ಬಂದಿಲ್ಲ, ನೋಡೋಗು" ಎಂದರೆ ಗಂಡ ಚಿತ್ತಪ್ಪ ಮರುಮಾತಿಲ್ಲದೆ ಹುಡುಕಲು ಹೊರಡುತ್ತಿದ್ದ. ಇಷ್ಟಿವೆ ಎಂದು ಬಾಯಿಬಿಟ್ಟರೆ ಕಣ್ಣು ಬೀಳುತ್ತದೆಂಬುದು ಹಟ್ಟಿಯ ನಂಬಿಕೆ. ಹೆತ್ತ ಮಕ್ಕಳನ್ನೂ ಅವಳು ಎಣಿಸಿ ಹೇಳುತ್ತಿರಲಿಲ್ಲ. ಅದರಲ್ಲೂ ಚಿಕ್ಕದು ಜ್ವರದಲ್ಲಿ ಹೋದಮೇಲೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ದನದ ಡಾಕ್ಟರು ರವೀಂದ್ರ ಬಂದರು.

"ಕುರಿ ಎಷ್ಟಿವೆ ಕಾಳಕ್ಕ?"

"ಯಾಕಪ್ಪಾ, ಹೆಣ್ಣು ಕೇಳಾಕೆ ಬಂದಿದೀಯಾ?"

ಡಾಕ್ಟರು ನಕ್ಕರು. ಊರೂರಿನ ಲೆಕ್ಕ ಕೊಟ್ಟರೆ, ಮಂದೆಗಳನ್ನೇ ಬಲಿತೆಗೆದುಕೊಳ್ಳುವ ಹಿರೇಬೇನೆ ಬಂದಾಗ ಎಲ್ಲಿಂದ ಎಲ್ಲಿಗೆ ಹಬ್ಬುತ್ತದೆಂದು ಕಂಪ್ಯೂಟರು ಮೊದಲೇ ತೋರಿಸುತ್ತದೆ. ಲಸಿಕೆ ಇರುವುದೇ ಸ್ವಲ್ಪ, ಎಲ್ಲಿ ಮೊದಲು ಹಾಕಬೇಕೆಂದು ಅದೇ ಹೇಳುತ್ತದೆ ಎಂದು ಬಿಡಿಸಿ ಹೇಳಿದರು.

ಮಂದೆ ಆಗ ಬಿಳಿಗೆರೆಯ ಈರಣ್ಣನ ತೆಂಗಿನ ತೋಟದಲ್ಲಿತ್ತು, ಗೊಬ್ಬರಕ್ಕೆಂದು ಬಿಟ್ಟಿದ್ದರು. ಡಾಕ್ಟರ ಕಣ್ಣಿಗೆ ಬೀಳುವಂತಿರಲಿಲ್ಲ.

"ಒಂದಿಪ್ಪತ್ತು ಇರಬೋದು ಬುಡಪ್ಪ."

ಹಟ್ಟಿಯ ಮನೆಮನೆಯೂ ಅದೇ ಧಾಟಿಯಲ್ಲಿ ಹೇಳಿತು. ಕಂಪ್ಯೂಟರು ನಂಬಿತು. ಲಸಿಕೆ ಬೇರೆ ಊರುಗಳಿಗೆ ಹೋಯಿತು.

ಚಳಿ ಹಿಡಿಯುವ ಹೊತ್ತಿಗೆ ಬೇನೆ ಬಂತು. ಮೂಗಲ್ಲಿ ಸಿಂಬಳ, ಬಾಯೆಲ್ಲ ಹುಣ್ಣು, ನೀರಿನಂಥ ಭೇದಿ. ಹಾಲುಣಿಸುತ್ತ ನಿಂತ ಕುರಿ ನಿಂತಲ್ಲೇ ಕುಸಿಯುತ್ತಿತ್ತು. ಮರಿ ತಣ್ಣಗಾದ ಕೆಚ್ಚಲನ್ನು ಗುದ್ದಿ ಗುದ್ದಿ ಚೀಪುತ್ತಿತ್ತು. ಕಾಳಕ್ಕ ರಾಗಿಗಂಜಿಯಲ್ಲಿ ಬೆರಳದ್ದಿ ಮರಿಗಳ ಬಾಯಿಗಿಟ್ಟಳು. ಬೆಳಗಾದರೆ ಬೆರಳು ನೆಕ್ಕುವ ಬಾಯಿಗಳು ಕಡಿಮೆಯಾಗಿರುತ್ತಿದ್ದವು.

ಸತ್ತ ಕಿವಿಹರಕಿಯನ್ನು ಹೂಳುವ ಗುಂಡಿಗೆ ಎಳೆಯುತ್ತಿದ್ದಾಗ ಡಾಕ್ಟರ ಜೀಪು ಬಂತು.

"ಇಪ್ಪತ್ತು ಅಂದಿದ್ರಲ್ಲ ಕಾಳಕ್ಕ! ಈ ಗುಂಡೀಲೇ ಅದರ ಮೂರರಷ್ಟಿವೆ!"

"ನಮ್ಮಲ್ಲಿ ಹಂಗೆಲ್ಲ ಹೇಳಾಕಿಲ್ಲ ಕಣಪ್ಪ."

"ಈಗಲಾದ್ರೂ ಹೇಳಿ. ಜ್ವರ ತಾಗದವು ಯಾವು ಅಂತ ನಿಮಗೇ ಗೊತ್ತು. ಎಣಿಸಿ ಕೊಡಿ. ಲಸಿಕೆ ಒಂದ್ಸಲ ಕಲೆಸಿದ್ರೆ ಇಡೋಕಾಗಲ್ಲ, ಮಿಕ್ಕ ಮನೆಗಳಿಗೂ ಬೇಕು."

"ಬ್ಯಾಡ ಕಣೇ," ಚಿತ್ತಪ್ಪ ಗೊಣಗಿದ. "ಉಳಿದವೂ ಹೋಗ್ತವೆ."

"ಹೋಗಾಕೆ ಇನ್ನೇನೈತೆ, ಸುಮ್ಕಿರು."

ರೊಪ್ಪದೊಳಗೆ ಹೋಗಿ ಒಂದು ಕುರಿಯ ತಲೆ ಮುಟ್ಟಿದಳು. ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ರೂಢಿ. ಕೊನೆಗೆ ಅದೇ ಬಾಯಿಗೆ ಬಂತು.

"ಲಾಭ," ಎಂದಳು. "ಎರಡು. ಮೂರು."

ಚಿತ್ತಪ್ಪ ಗುಂಡಿಯ ಕಡೆ ಮುಖ ತಿರುಗಿಸಿದ. ಅಂದು ಹೇಳಿದ ಸುಳ್ಳಿನ ಇಪ್ಪತ್ತನ್ನಾದರೂ ಮುಟ್ಟಲಿ ಎಂದು ಕಾಳಕ್ಕ ತಡೆದು ತಡೆದು ಎಣಿಸಿದಳು. ಹದಿನಾಲ್ಕಕ್ಕೇ ರೊಪ್ಪ ಮುಗಿಯಿತು.

"ಸೆರಗಲ್ಲಿ ಇನ್ನೊಂದಿದೆಯಲ್ಲ?" ಎಂದರು ಡಾಕ್ಟರು.

ಕಿವಿಹರಕಿಯ ಮರಿ ಅದು. ಕಾಳಕ್ಕ ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು.

"ಇದ್ಕೂ ಸೂಜಿ ಹಾಕು. ಲೆಕ್ಕಕ್ಕೆ ಮಾತ್ರ ತಗಾಬ್ಯಾಡ ಕಣಪ್ಪ."