ಗುತ್ಯಮ್ಮನ ಮಿಡಿಗೆ ನಾನು ಕಟ್ಟಿದ ಲೆಕ್ಕ

ಮೇಷ್ಟ್ರಾದ ನನಗೆ ಲೆಕ್ಕ ಬರುವುದಿಲ್ಲ ಎಂದು ತೋರಿಸಿಕೊಟ್ಟವಳು ಗುತ್ಯಮ್ಮ ಒಬ್ಬಳೇ. ನಿಟ್ಟೂರಿನ ಆಚೆಯ ಒಂದು ಹಳ್ಳಿಯಲ್ಲಿ ನನ್ನ ಶಾಲೆ. ಅವಳು ಆ ಊರಲ್ಲಿ ಉಪ್ಪಿನಕಾಯಿಯ ಮಾವಿನ ಮಿಡಿ ಮಾರುವವಳು. ವರ್ಷಕ್ಕೆ ಇಪ್ಪತ್ತು ದಿನದ ವ್ಯಾಪಾರ. ಸೀರೆ, ಉಪ್ಪು, ಎಲೆಯಡಿಕೆ ಎಲ್ಲ ಅದರಲ್ಲೇ ಆಗಬೇಕು. ಯಾರಾದರೂ ಮಿಡಿಯ ಮೇಲೆ ಅನುಮಾನಪಟ್ಟರೆ ತೊಟ್ಟು ಮುರಿದು ಸೊನೆಯನ್ನು ಅವರ ಮೂಗಿಗೇ ಹಿಡಿಯುತ್ತಿದ್ದಳು.

ಅರವತ್ತೆರಡನೇ ಇಸವಿ. ನಯಾಪೈಸೆ ಬಂದು ಐದು ವರ್ಷವಾದರೂ ನಮ್ಮ ಹಳೇ ಪುಸ್ತಕದಲ್ಲಿ ಇನ್ನೂ ಆಣೆ, ಕಾಸು. ಅದಕ್ಕೇ ನಾನೇ ಒಂದು ಲೆಕ್ಕ ಕಟ್ಟಿದೆ. ಗುತ್ಯಮ್ಮ ಎರಡು ರೂಪಾಯಿಗೆ ನೂರು ಮಿಡಿ ಕೊಂಡು, ಒಂದಕ್ಕೆ ಮೂರು ಪೈಸೆಯಂತೆ ಮಾರಿದರೆ ಲಾಭವೆಷ್ಟು? ಒಂದು ರೂಪಾಯಿ. ಮಕ್ಕಳು ಮನೆಗೆ ಹೋಗಿ ಅದನ್ನೇ ಒದರಿದವು. ಅಯ್ಯೋ ನನ್ನ ಬುದ್ಧಿಯೇ! ಇಷ್ಟೊಂದು ಲಾಭವಾ ಎಂದು ಊರ ಹೆಂಗಸರು ಎರಡು ಪೈಸೆಗೇ ಕೊಡು ಅಂತ ಪಟ್ಟು ಹಿಡಿದರು. ಎರಡು ದಿನ ತುಂಬಿದ ಬುಟ್ಟಿ ಹಾಗೇ ಮರಳಿತು. ಬಾಡಿದ ಮಿಡಿಯನ್ನು ಕೇಳುವವರಿಲ್ಲ.

ಮೂರನೇ ದಿನ ಪಾಠದ ನಡುವೆ ಬಂದವಳೇ ಬೆಳಿಗ್ಗೆ ಕೊಯ್ದ ಮಿಡಿಯ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ನೂರು ಇದಾವೆ. ನಿಮ್ ಲೆಕ್ಕದಂಗೆ ಮಾರ್ಕಂಡು ಬನ್ನಿ ಮೇಷ್ಟ್ರೇ. ನಾ ಇಲ್ಲೇ ಕೂತಿರ್ತೀನಿ."

ಹೊರಟೆ. ಹತ್ತು ಕೊಂಡವರಿಗೆ ಮೇಲೆ ಎರಡು ಕೊಸರು ಕೊಡುವುದು ಊರ ರೂಢಿ. ಲೆಕ್ಕ ಕಟ್ಟುವಾಗ ಅದೇ ಮರೆತಿತ್ತು. ನನ್ನ ಹತ್ತಿರವಂತೂ ಎಲ್ಲರೂ ನಾಲ್ಕು ಕೇಳಿದರು. ಕೊಡದಿದ್ದರೆ ಮೇಷ್ಟ್ರು ಜುಗ್ಗ ಅನ್ನಿಸಿಕೊಳ್ಳಬೇಕಲ್ಲ! ನನ್ನ ಹೆಂಡತಿ ವರದಮ್ಮನೂ ಬಿಡಲಿಲ್ಲ. ಆರು ಮನೆಗೆ ಹತ್ತತ್ತು ಮಾರಿ, ನಾಲ್ಕು ನಾಲ್ಕು ಕೊಸರು ಕೊಟ್ಟೆ. ಬುಟ್ಟಿ ಕುಲುಕಿ ಕುಲುಕಿ ಉಳಿದ ಹದಿನಾರರ ತೊಟ್ಟು ಕಳಚಿತ್ತು, ತೊಟ್ಟಿಲ್ಲದ್ದು ಉಪ್ಪಿನಲ್ಲಿ ಕೊಳೆಯುತ್ತದೆಂದು ಅವನ್ನು ಯಾರೂ ಮುಟ್ಟಲಿಲ್ಲ. ಕೈಗೆ ಬಂದದ್ದು ಒಂದು ರೂಪಾಯಿ ಎಂಬತ್ತು ಪೈಸೆ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕಡಿಮೆ ಬಿದ್ದದ್ದನ್ನು ಜೇಬಿನಿಂದ ತುಂಬಿಕೊಟ್ಟು, ಕೊಸರು ಸೇರಿಸಿ ಗುತ್ಯಮ್ಮನ ಲೆಕ್ಕವನ್ನು ಸರಿಯಾಗಿ ಬರೆಸುತ್ತೇನೆ ಎಂದೆ.

"ನನ್ ಹೆಸ್ರು ಬ್ಯಾಡ. ನಿಮ್ ಹೆಸ್ರು ಹಾಕಿ."

ಹಾಕಿದೆ. ಮೇಷ್ಟ್ರಿಗೆ ಆದ ನಷ್ಟವೆಷ್ಟು? ವರ್ಷವಿಡೀ ಲೆಕ್ಕಕ್ಕೆ ಅಳುತ್ತಿದ್ದ ಮಕ್ಕಳಲ್ಲಿ ಒಂದೂ ತಪ್ಪು ಮಾಡಲಿಲ್ಲ, ದರಿದ್ರದವು. ಇಪ್ಪತ್ತು ಪೈಸೆ ಎಂದು ಸಂಜೆ ಮನೆಮನೆಯಲ್ಲೂ ಒದರಿದವು. ಮೇಷ್ಟ್ರಿಗೇ ನಷ್ಟವಾದರೆ ಪಾಪ ಗುತ್ಯಮ್ಮನ ಗತಿಯೇನು ಎಂದು ಊರಿಗೆಲ್ಲ ಮರುಕ. ಮರುದಿನ ಮಧ್ಯಾಹ್ನದೊಳಗೆ ಬುಟ್ಟಿ ಮೂರು ಪೈಸೆಯಂತೆಯೇ ಖಾಲಿಯಾಯಿತು. ವರದಮ್ಮ ಕೂಡ ಚೌಕಾಸಿ ಮಾಡಲಿಲ್ಲ.

ನಿಜಕ್ಕೂ ನಿನಗೆ ಎಷ್ಟು ಉಳಿಯುತ್ತದೆ ಗುತ್ಯಮ್ಮ ಎಂದು ಮೆಲ್ಲಗೆ ಕೇಳಿದೆ.

"ನಿಮ್ಗೆ ಹೇಳಿದ್ರೆ ಬೋರ್ಡಿಗೆ ಹಾಕ್ತೀರಿ," ಎಂದು ಹೇಳಿ ಹೊರಟೇಹೋದಳು.